ತಣ್ಣನೆಯ ಲೋಬಾನ

ನಮ್ಮ ಚಿಂಚೋಳಿ ಸೀಮೆಯಲ್ಲಿ ಅತ್ತರಿಗೂ ಋತುಮಾನವಿದೆ. ಬೇಸಿಗೆಗೆ ಖಸ್, ಅಂದರೆ ಲಾವಂಚ. ಇಲ್ಲವೇ ಗುಲಾಬಿ, ಮಲ್ಲಿಗೆ, ಹಸಿ ಮಣ್ಣಿನ ವಾಸನೆಯ ಮಿಟ್ಟಿ ಅತ್ತರು. ಚಳಿಗಾಲಕ್ಕೆ ಹಿನಾ, ಶಮಾಮಾ, ಊದ್. ಮೇ ತಿಂಗಳಲ್ಲಿ ಹಿನಾ ಹಚ್ಚಿಕೊಂಡು ಮಸೀದಿಗೆ ಬಂದವನನ್ನು ಹಿರಿಯರು ಕಣ್ಣಲ್ಲೇ ಗದರುತ್ತಿದ್ದರು. ಬಿಸಿಲು 42 ಡಿಗ್ರಿ ದಾಟುವುದು ನಮ್ಮಲ್ಲಿ ಹೊಸದೇನಲ್ಲ. ಅಂಥ ಬಿಸಿಲಿನಲ್ಲಿ ಬಿಸಿ ಗುಣದ ಅತ್ತರು ಹಚ್ಚಿದರೆ ತಲೆನೋವು ಬರುತ್ತದೆ, ಮೂಗಿನಲ್ಲಿ ರಕ್ತ ಒಸರುತ್ತದೆ ಎಂದು ಅವರ ನಂಬಿಕೆ. ಯುನಾನಿ ಹಕೀಮರ ಗರಮ್-ಥಂಡಾ ಲೆಕ್ಕವೇ ಊಟದಿಂದ ಇಳಿದು ಅತ್ತರಿನ ಶೀಶೆಗೂ ಬಂದಿದೆ.

ಹಾಗಿರುವಾಗ ಲೋಬಾನ ಮತ್ತು ಪುದೀನವನ್ನು ಒಂದೇ ಶೀಶೆಯಲ್ಲಿ ಕೂಡಿಸಿದ ಅತ್ತರೊಂದನ್ನು ನಾವು ಕೆಲವು ವರ್ಷಗಳಿಂದ ಹಚ್ಚಿಕೊಳ್ಳುತ್ತಿದ್ದೇವೆ. ಒಂದು ಕೆಂಡದ ಮೇಲೆ ಸುಡುವ ಪದಾರ್ಥ, ಇನ್ನೊಂದು ಬಾವಿಯ ಬದಿಯ ನೆರಳಿನಲ್ಲಿ ಬೆಳೆಯುವ ಸೊಪ್ಪು. ಐನಾಪುರದಲ್ಲಿ ಇದರ ಹೆಸರು ಕೇಳಿದವರೆಲ್ಲ ಮೊದಲು ನಗುತ್ತಾರೆ. ಚಹಾಕ್ಕೆ ಮಜ್ಜಿಗೆ ಹಾಕಿದ ಹಾಗಾಯಿತಲ್ಲ ಎಂದು ನೆಂಟರೊಬ್ಬರು ಅಂದದ್ದೂ ಉಂಟು. ಶೀಶೆ ಸಣ್ಣದು, ಒಂದು ತೊಲ ಹಿಡಿಯುವಂಥದ್ದು. ಅಂದರೆ ಹನ್ನೊಂದೂವರೆ ಗ್ರಾಮಿಗಿಂತ ತುಸು ಹೆಚ್ಚು. ಅತ್ತರಿನ ವ್ಯಾಪಾರ ಇಂದಿಗೂ ತೊಲದ ಲೆಕ್ಕದಲ್ಲಿಯೇ ನಡೆಯುತ್ತದೆ. ಬಣ್ಣ ಹಳೆಯ ಜೇನಿನದು. ಮುಚ್ಚಳಕ್ಕೆ ಅಂಟಿದ ಗಾಜಿನ ಕಡ್ಡಿಯಿಂದ ಎರಡು ಮಣಿಕಟ್ಟಿಗೆ ಒಂದೊಂದು ಗೆರೆ, ಕಿವಿಯ ಹಿಂದೆ ಒಂದು ಚುಕ್ಕೆ, ಉಳಿದಿದ್ದು ಅಂಗಿಯ ತೋಳಿಗೆ. ಅಷ್ಟೇ ಸಾಕು.

ಹಚ್ಚಿದ ಕ್ಷಣ ಮೂಗಿಗೆ ಬರುವುದು ಪುದೀನವೇ. ಆದರೆ ಅದು ಚಟ್ನಿಯ ಪುದೀನವಲ್ಲ. ಚಟ್ನಿಯಲ್ಲಿ ಹಸಿಮೆಣಸು, ನಿಂಬೆ, ಉಪ್ಪು ಎಲ್ಲ ಸೇರಿ ಪುದೀನ ಬಾಯಲ್ಲಿ ನೀರೂರಿಸುತ್ತದೆ. ಇಲ್ಲಿ ಅದು ಒಣ ಎಲೆಯ ಹಾಗೆ, ಬಿಸಿಲಿಗೆ ಹರಡಿ ಅಂಗೈಯಲ್ಲಿ ಪುಡಿ ಮಾಡಿದ ಎಲೆಯ ಹಾಗೆ ಬರುತ್ತದೆ. ಅದರ ಬೆನ್ನಿಗೇ ಒಂದು ತಂಪು. ಮೂಗಿನ ಒಳಗೋಡೆಗೆ ಬೆಳಗಿನ ಜಾವದ ಗಾಳಿ ತಾಕಿದಂತೆ. ಅತ್ತಾರರು ಹೇಳಿದ್ದರಿಂದ ನಮಗೆ ತಿಳಿದ ಸಂಗತಿಯೆಂದರೆ ಇದರಲ್ಲಿ ಎರಡು ಬಗೆಯ ಪುದೀನ ಇದೆ. ಅಡಿಗೆ ಮನೆಯ ಪುದೀನದ ಪರಿಮಳ ಬರುವುದು ಕಾರ್ವೋನ್ ಎಂಬ ಅಂಶದಿಂದ, ಅದರಲ್ಲಿ ತಂಪು ಕಡಿಮೆ. ತಂಪು ಕೊಡುವ ಮೆಂಥಾಲ್ ಇರುವುದು ಜಪಾನಿ ಪುದೀನ ಎಂದು ಕರೆಯುವ ಬೇರೆಯ ಜಾತಿಯಲ್ಲಿ. ಅದನ್ನು ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್, ರಾಮಪುರದ ಕಡೆ ಎಕರೆಗಟ್ಟಲೆ ಬೆಳೆದು, ಮಳೆಗೆ ಮುಂಚೆ ಕೊಯ್ದು, ಹೊಲದ ಬದಿಯಲ್ಲೇ ಆವಿ ಹಾಯಿಸಿ ಎಣ್ಣೆ ಇಳಿಸುತ್ತಾರೆ. ಒಂದು ಪುದೀನ ಪರಿಮಳಕ್ಕೆ, ಇನ್ನೊಂದು ತಂಪಿಗೆ. (ಪುದೀನದ ಕಾರ್ವೋನ್ ಮತ್ತು ಸಬ್ಬಸಿಗೆ ಬೀಜದ ಕಾರ್ವೋನ್ ಎಡಗೈ-ಬಲಗೈ ಇದ್ದ ಹಾಗೆ ಒಂದರ ಪ್ರತಿಬಿಂಬ ಒಂದು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಮೂಗು ಅದನ್ನು ಎರಡು ಬೇರೆ ಸೊಪ್ಪು ಎನ್ನುತ್ತದೆ. ರಬ್ಬನ ಸೃಷ್ಟಿಯಲ್ಲಿ ಇಂಥ ಸೂಕ್ಷ್ಮಗಳು ಎಷ್ಟಿವೆಯೋ.)

ಪುದೀನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಗುರ ಪದಾರ್ಥ ಬೇಗ ಹಾರುತ್ತದೆ, ಭಾರದ್ದು ತಡವಾಗಿ. ಅರ್ಧ ಗಂಟೆಯಲ್ಲಿ ತಂಪು ಹಿಂದೆ ಸರಿದು, ಅದರ ಹಿಂದೆ ನಿಂತಿದ್ದ ಲೋಬಾನ ಕಾಣಿಸಿಕೊಳ್ಳುತ್ತದೆ. ಎರಡೂ ಕೂಡಿರುವ ಒಂದು ಹತ್ತು ನಿಮಿಷವೇ ಈ ಅತ್ತರಿನ ಸೊಗಸು. ಹೊಗೆ ಇದೆ, ಆದರೆ ಕಣ್ಣು ಉರಿಯುವುದಿಲ್ಲ. ಆರಿದ ಊದ್‌ದಾನಿಯ ಬೂದಿಯ ಮೇಲೆ ಯಾರೋ ನೀರು ಚಿಮುಕಿಸಿದಂತೆ. ಆಮೇಲೆ ಲೋಬಾನದ್ದೇ ರಾಜ್ಯ. ಮೊದಲು ನಿಂಬೆ ಸಿಪ್ಪೆಯಂಥ ಹುಳಿ, ನಂತರ ಮರದ ತೊಗಟೆ, ಮಧ್ಯಾಹ್ನದ ಹೊತ್ತಿಗೆ ಸುಟ್ಟ ಸಕ್ಕರೆಯ ಹಾಗೆ ಒಂದು ಸಿಹಿ. ರಾತ್ರಿ ಅಂಗಿ ಕಳಚುವಾಗ ತೋಳಿನಲ್ಲಿ ಉಳಿದಿರುವುದು ಶ್ರೀಗಂಧ ಮಾತ್ರ. ಅದು ಮಾತಾಡುವುದಿಲ್ಲ, ಸುಮ್ಮನೆ ಇರುತ್ತದೆ. ತೊಳೆಯದೆ ಮಡಿಚಿಟ್ಟರೆ ಮುಂದಿನ ಜುಮಾದವರೆಗೂ ಇರುತ್ತದೆ.

ಇಷ್ಟು ಹೊತ್ತಿನಲ್ಲಿ ಎದುರಾದವರಿಗೆಲ್ಲ ಅದು ಬೇರೆ ಬೇರೆಯಾಗಿ ಕಾಣುತ್ತದೆ. ಮೊದಲ ಬಾರಿ ಹಚ್ಚಿಕೊಂಡು ಹೊರಟಾಗ ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ಕೇಳಿದರು: “ಏನ್ರೀ ಮಾಸ್ತರ್, ಗುಡಿ ಹೊಕ್ಕು ಬಂದೀರೇನ್? ಧೂಪದ ವಾಸನಿ ಬರ್ಲಕತ್ತದ.” ಮಸೀದಿಯ ಹೌದಿನ ಬಳಿ ವುಜೂ ಮಾಡುತ್ತಿದ್ದವರು, ಕಲಬುರಗಿಗೆ ಹೋಗಿದ್ದಿರಾ, ಬಂದಾ ನವಾಜರ ದರ್ಗಾದ ವಾಸನೆ ಬರುತ್ತಿದೆಯಲ್ಲ ಎಂದರು. ಶಾಲೆಯ ಹುಡುಗರಿಗೆ ಮಾತ್ರ ಅದು ತಲೆನೋವಿನ ಮುಲಾಮು. ಹುಡುಗರು ಯಾವಾಗಲೂ ಸತ್ಯಕ್ಕೆ ಹತ್ತಿರ ಇರುತ್ತಾರೆ. ಮುಲಾಮಿನಲ್ಲಿ ಇರುವುದೂ ಅದೇ ಮೆಂಥಾಲ್.

ಗುಡಿಯೋ ದರ್ಗಾವೋ ಎಂಬ ಪ್ರಶ್ನೆಗೆ ನಮ್ಮ ಭಾಗದಲ್ಲಿ ಮೂಗಿನ ಸಹಾಯದಿಂದ ಉತ್ತರ ಹೇಳಲಾಗದು. ಹಸುಗೂಸಿಗೆ ಎಣ್ಣೆ ನೀರು ಹಾಕಿ, ಬಿದಿರು ಬುಟ್ಟಿ ಬೋರಲು ಹಾಕಿ, ಅದರಡಿ ಸಾಂಬ್ರಾಣಿ ಹೊಗೆ ಕೊಟ್ಟು ತಲೆಗೂದಲು ಆರಿಸುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಗುರುವಾರ ಸಂಜೆ ನಮ್ಮ ಮನೆಗಳಲ್ಲಿ ಲೋಬಾನ, ಸೋಮವಾರ ಪಕ್ಕದ ಮನೆಯಲ್ಲಿ ಧೂಪ. ಗೋಡೆ ಒಂದೇ ಆದ್ದರಿಂದ ಹೊಗೆ ಎರಡೂ ಕಡೆ. ಹೆಸರುಗಳೂ ಹೀಗೆಯೇ ಬೆರೆತಿವೆ. ಅರಬ್ಬಿಯಲ್ಲಿ ‘ಲುಬಾನ್’ ಎಂದರೆ ಒಮಾನಿನ ಧೋಫಾರ್ ಕಡೆಯ ಮರದ ಅಂಟು. ಹಾಲಿನ ಬಿಳುಪನ್ನು ಹೇಳುವ ಧಾತುವಿನಿಂದ ಬಂದ ಪದ. ಅದರ ಬಳಗದ ಮರ ನಮ್ಮ ದಖನ್ನಿನ ಒಣ ಕಾಡುಗಳಲ್ಲೂ ಇದೆ, ಸಂಸ್ಕೃತದವರು ಸಲ್ಲಕಿ ಎಂದರು, ಹಕೀಮರು ಅದರ ಅಂಟನ್ನು ಕುಂದುರ್ ಎಂದರು. ನಾವು ಅಂಗಡಿಯಲ್ಲಿ ಲೋಬಾನ ಎಂದು ಕೊಳ್ಳುವುದು ಬಹುಪಾಲು ಇನ್ನೊಂದು, ಸುಮಾತ್ರಾ ಕಡೆಯಿಂದ ಬರುವ ಬೇರೆ ಮರದ ಅಂಟು, ಕನ್ನಡದ ಸಾಂಬ್ರಾಣಿ. ಅರಬ್ಬರು ಅದನ್ನು ‘ಲುಬಾನ್ ಜಾವಿ’, ಜಾವಾದ ಲುಬಾನ್ ಎಂದು ಕರೆದರು. ಅದೇ ಪದ ಯುರೋಪಿನವರ ಬಾಯಲ್ಲಿ ತಿರುಚಿ ತಿರುಚಿ ಬೆಂಜಾಯಿನ್ ಆಯಿತು. ಊದುಬತ್ತಿಯ ‘ಊದು’ ಕೂಡ ಅಗರು ಮರಕ್ಕೆ ಅರಬ್ಬರಿಟ್ಟ ಹೆಸರು. ಗುಡಿಯಲ್ಲಿ ದಿನವೂ ಹಚ್ಚುವ ಕಡ್ಡಿಯಲ್ಲಿ ಅರಬ್ಬಿ ಪದವೊಂದು ಸದ್ದಿಲ್ಲದೆ ಕೂತಿದೆ.

ಸುಗಂಧವನ್ನು ಶಾಸ್ತ್ರವಾಗಿ ಬರೆದಿಟ್ಟವರೂ ನಮ್ಮ ಆಸುಪಾಸಿನವರೇ. ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮೈಗೆ ಹಚ್ಚುವ ಲೇಪನಕ್ಕೆ ಒಂದು ಭಾಗ, ಧೂಪಕ್ಕೆ ಇನ್ನೊಂದು ಭಾಗ ಇದೆ. ಊಟ, ಉಡುಗೆ, ವಾಹನಗಳ ಸಾಲಿನಲ್ಲೇ ಅವನ್ನೂ ಎಣಿಸಲಾಗಿದೆ. ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ (1580-1627) ಫಾರಸಿಯಲ್ಲಿ ‘ಇತ್ರ್-ಎ-ನವರಸ್ ಶಾಹಿ’ ಎಂಬ ಗ್ರಂಥ ರಚನೆಯಾಯಿತು. ನವರಸ ಎಂಬ ನಮ್ಮ ಪದವನ್ನು ಅತ್ತರಿನ ಪುಸ್ತಕದ ಹೆಸರಿಗೆ ಕೂಡಿಸಿದ ಆಸ್ಥಾನ ಅದು. ಈಗಲೂ ಖ್ವಾಜಾ ಬಂದಾ ನವಾಜರ ಉರುಸಿನಲ್ಲಿ, ಜಿಲ್‌ಕಾದ ತಿಂಗಳ 15ರಂದು, ಕಲಬುರಗಿಯ ಮಹಬೂಬ್ ಗುಲ್ಶನ್ ತೋಟದಿಂದ ದರ್ಗಾದವರೆಗೆ ಗಂಧದ ಮೆರವಣಿಗೆ ಹೋಗುತ್ತದೆ. ಅದರ ಹಿಂದೆ ನಡೆಯುವವರಲ್ಲಿ ಯಾರು ಯಾರವರು ಎಂದು ಕೇಳುವ ರೂಢಿ ಇರಲಿಲ್ಲ. ಅಂಥ ಪ್ರಶ್ನೆ ಕೇಳುವವರು ಈಗೀಗ ಹುಟ್ಟಿಕೊಂಡಿದ್ದಾರೆ, ಅದು ಬೇರೆ ಮಾತು.

ಬಿಸಿ ಮತ್ತು ತಂಪಿನ ಮಾತಿಗೆ ಬರೋಣ. ಹಿರಿಯರ ಲೆಕ್ಕವನ್ನು ನಾವು ಬಹಳ ದಿನ ಬರೀ ವಾಡಿಕೆ ಎಂದುಕೊಂಡಿದ್ದೆವು. ಪುದೀನದ ವಿಷಯದಲ್ಲಿ ವಿಜ್ಞಾನ ಅವರ ಕಡೆಗೇ ಸಾಕ್ಷಿ ನುಡಿಯುತ್ತದೆ. ಚರ್ಮದಲ್ಲಿ, ಮೂಗು-ಬಾಯಿಯ ಒಳಪದರದಲ್ಲಿ ತಣ್ಣನೆಯದನ್ನು ಗುರುತಿಸುವ ನರತಂತುಗಳಿವೆ. ಅವುಗಳ ಬಾಗಿಲಿನಂತಿರುವ ಒಂದು ಪ್ರೋಟೀನನ್ನು 2002ರಲ್ಲಿ ವಿಜ್ಞಾನಿಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆ ಬೇರೆಯಾಗಿ ಗುರುತಿಸಿದರು. ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು. ಪಟಪೂಟಿಯನ್ ಹುಟ್ಟಿದ್ದು ಬೈರೂತಿನಲ್ಲಿ, ಯುದ್ಧದ ದಿನಗಳಲ್ಲಿ ಊರು ಬಿಟ್ಟವರು. ನಿಜವಾದ ಚಳಿಗೆ ತೆರೆಯುವ ಆ ಬಾಗಿಲು ಮೆಂಥಾಲಿಗೂ ತೆರೆಯುತ್ತದೆ. ಅಂದರೆ ಪುದೀನ ಏನನ್ನೂ ತಣಿಸುವುದಿಲ್ಲ. ತಣ್ಣಗಿದೆ ಎಂಬ ಸುದ್ದಿಯನ್ನಷ್ಟೇ ಮೆದುಳಿಗೆ ಮುಟ್ಟಿಸುತ್ತದೆ. ಲೋಬಾನದ ಬಗ್ಗೆಯೂ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅರಬ್ ಲುಬಾನಿನ ಬಳಗದ ಅಂಟಿನಲ್ಲಿರುವ ಒಂದು ಅಂಶ ಇಲಿಗಳಲ್ಲಿ ಬೆಚ್ಚಗನ್ನು ಗುರುತಿಸುವ ಇನ್ನೊಂದು ಬಾಗಿಲನ್ನು ತೆರೆಯಿತು, ಅವುಗಳ ಅಂಜಿಕೆ ಕಡಿಮೆಯಾಯಿತು ಎಂದು. ಇಲಿಯಿಂದ ಮನುಷ್ಯನಿಗೆ ದಾರಿ ದೂರ. ಮಣಿಕಟ್ಟಿನ ಒಂದು ಗೆರೆ ಅತ್ತರಿನಿಂದ ಅಂಜಿಕೆ ಹೋಗುತ್ತದೆಂದು ಹೇಳಿ ಮಾರುವವರನ್ನು ನಂಬಬೇಕಿಲ್ಲ. ಆದರೂ ಒಂದು ಬಿಸಿ, ಒಂದು ತಂಪು ಎಂದು ಹಿರಿಯರು ವಿಂಗಡಿಸಿದ್ದು ತೀರಾ ಗಾಳಿಮಾತಲ್ಲ ಎಂದು ತಿಳಿದಾಗ ಸಂತೋಷವಾಯಿತು.

ಈ ತಂಪಿನ ವಿಚಾರ ನಮಗೆ ಪುಸ್ತಕದಿಂದ ಬಂದದ್ದಲ್ಲ. 2021ರ ರಮಜಾನಿನಲ್ಲಿ ಬಂದದ್ದು.

ಕೊರೋನಾದಿಂದ ದೇಶದಲ್ಲಿ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿ ಜಿಲ್ಲೆಯಿಂದಲೇ, 2020ರ ಮಾರ್ಚಿನಲ್ಲಿ. ಆ ವರ್ಷ ಹೇಗೋ ಕಳೆಯಿತು. ಮರುವರ್ಷ ಏಪ್ರಿಲ್‌ನಲ್ಲಿ ರೋಜಾ ಆರಂಭವಾಗುವುದಕ್ಕೂ ಎರಡನೇ ಅಲೆ ಹಳ್ಳಿಗಳಿಗೆ ಇಳಿಯುವುದಕ್ಕೂ ಸರಿಹೋಯಿತು. ನಮ್ಮ ಜ್ವರ ನಾಲ್ಕು ದಿನದಲ್ಲಿ ಇಳಿಯಿತು. ಐದನೇ ದಿನ ಮನೆಯವರು ಇಫ್ತಾರಿಗೆ ಈರುಳ್ಳಿ ಭಜಿ ಕರಿಯುತ್ತಿದ್ದರು. ಎಣ್ಣೆಯ ಚುರುಚುರು ಕೇಳುತ್ತಿತ್ತು, ವಾಸನೆ ಇರಲಿಲ್ಲ. ಖರ್ಜೂರ ಬಾಯಿಗೆ ಹಾಕಿದರೆ ಸಿಹಿ ಎಂದು ತಿಳಿಯಿತು, ಖರ್ಜೂರ ಎಂದು ತಿಳಿಯಲಿಲ್ಲ. ಕರ್ಪೂರದ ಡಬ್ಬಿ ತೆರೆದು ಮೂಗಿಗೆ ಹಿಡಿದೆವು. ಬೆಲ್ಲದ ಡಬ್ಬಿ, ಮೆಂತ್ಯದ ಡಬ್ಬಿ, ಸೀಮೆಎಣ್ಣೆಯ ಬಾಟಲಿ. ಎಲ್ಲವೂ ನೀರು. ಟ್ರಂಕಿನಲ್ಲಿ ತೀರಿಹೋದ ನಮ್ಮ ಅಮ್ಮಿಯ ಓಢಣಿ ಇತ್ತು. ಬೇವಿನೆಲೆ, ಹಿನಾ, ಎಲೆಅಡಿಕೆ ಕೂಡಿದ ಒಂದು ವಾಸನೆ ಅದರಲ್ಲಿ ಹದಿನಾಲ್ಕು ವರ್ಷದಿಂದ ಉಳಿದಿತ್ತು. ಅದನ್ನು ಮುಖಕ್ಕೆ ಒತ್ತಿ ಹಿಡಿದರೆ ಬರೀ ಬಟ್ಟೆ.

ಆ ಬೇಸಿಗೆಯಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ತೀರಿಕೊಂಡರು. ಮಯ್ಯತ್ತಿಗೆ ಕರ್ಪೂರ ಹಚ್ಚುವುದು, ಕಫನಿಗೆ ಲೋಬಾನದ ಹೊಗೆ ಕೊಡುವುದು, ಅತ್ತರು ಸಿಂಪಡಿಸುವುದು ಪದ್ಧತಿ. ಆ ದಿನಗಳಲ್ಲಿ ಅದಕ್ಕೆ ಅವಕಾಶ ಇರಲಿಲ್ಲ. ಮುಚ್ಚಿದ ಚೀಲದಲ್ಲಿ ತಂದರು, ನಾಲ್ಕು ಜನ ದೂರ ನಿಂತರು, ಮಣ್ಣು ಹಾಕಿದರು. ಆಗ ನಮಗನಿಸಿದ್ದು, ಹಚ್ಚಿದ್ದರೂ ನಮಗೆ ತಿಳಿಯುತ್ತಿರಲಿಲ್ಲ ಎಂದು. ಅದು ಸಮಾಧಾನವೋ ಇನ್ನೇನೋ ಹೇಳಲಾರೆವು.

ಉಳಿದವರಿಗೆ ಎರಡು ಮೂರು ವಾರದಲ್ಲಿ ವಾಸನೆ ಮರಳಿತು. ನಮಗೆ ಮರಳಲಿಲ್ಲ. ಕಲಬುರಗಿಯ ಕಿವಿ-ಮೂಗಿನ ವೈದ್ಯರೊಬ್ಬರು ತಾಳ್ಮೆಯಿಂದ ವಿವರಿಸಿದರು: ವೈರಾಣು ಸಾಮಾನ್ಯವಾಗಿ ವಾಸನೆಯ ನರಕೋಶಗಳಿಗೇ ನುಗ್ಗುವುದಿಲ್ಲ, ಅವುಗಳಿಗೆ ಆಧಾರವಾಗಿ ನಿಂತ ಕೋಶಗಳನ್ನು ಕೆಡಿಸುತ್ತದೆ. ಗೂಟ ಬಿದ್ದರೆ ಬಳ್ಳಿಯೂ ಬೀಳುತ್ತದಲ್ಲ, ಹಾಗೆ. ಬಳ್ಳಿ ಮತ್ತೆ ಚಿಗುರಬಹುದು, ಕಾಯಬೇಕು. ಕಾಯುವಾಗ ಸುಮ್ಮನಿರದೆ ಅಭ್ಯಾಸ ಮಾಡಬೇಕು. ಜರ್ಮನಿಯ ಥಾಮಸ್ ಹುಮ್ಮೆಲ್ ಎಂಬವರು 2009ರಲ್ಲಿ ಪ್ರಕಟಿಸಿದ ವಿಧಾನ ಅದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಹತ್ತು ಹತ್ತು ಸೆಕೆಂಡು ಮೂಸಿ ನೋಡುವುದು, ಹನ್ನೆರಡು ವಾರ. ಮೂಸುವಾಗ ಆ ವಾಸನೆಯನ್ನು ನೆನಪಿಗೆ ತಂದುಕೊಳ್ಳಬೇಕು ಎಂದು ವೈದ್ಯರು ಒತ್ತಿ ಹೇಳಿದರು. ನಾವು ನಾಲ್ಕು ಶೀಶೆ ಸಾಲಾಗಿ ಇಟ್ಟುಕೊಂಡು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೂರುತ್ತಿದ್ದೆವು. ಗುಲಾಬಿ, ಏನಿಲ್ಲ. ನಿಂಬೆ, ಏನಿಲ್ಲ. ಲವಂಗ ಒಂದಿಷ್ಟು ಚುರುಕು. ನೀಲಗಿರಿಗೆ ಬಂದಾಗ ಮಾತ್ರ ಮೂಗಿನಲ್ಲಿ ತಣ್ಣಗೆ ಏನೋ ಹರಿಯುತ್ತಿತ್ತು.

ವಾಸನೆ ಬಂತೆಂದು ಹಿಗ್ಗಿ ಹೇಳಿದಾಗ ವೈದ್ಯರು ತಲೆಯಾಡಿಸಿದರು. ಅದು ವಾಸನೆಯಲ್ಲ, ಸ್ಪರ್ಶ ಎಂದರು. ವಾಸನೆಯ ನರ ಒಂದು, ಮುಖದ ಮೇಲಿನ ತಂಪು, ಉರಿ, ಚುಚ್ಚುವಿಕೆ ತಿಳಿಸುವ ನರ ಇನ್ನೊಂದು. ಮೊದಲನೆಯದು ಮಲಗಿದೆ, ಎರಡನೆಯದು ಎಚ್ಚರವಾಗಿದೆ. ಪುದೀನ ಮೂಸಿದರೂ ಹೀಗೆಯೇ ಆಗುತ್ತದೆ ಎಂದರು. ಮನೆಗೆ ಬಂದು ಹಿತ್ತಲಿನ ಪುದೀನ ಹಿಸುಕಿ ನೋಡಿದೆವು, ಏನೂ ತಿಳಿಯಲಿಲ್ಲ. ಮುಲಾಮಿನ ಡಬ್ಬಿ ತೆರೆದರೆ ತಂಪು ಬಂತು. ಮೂಗಿನ ಮನೆಯಲ್ಲಿ ಎಲ್ಲ ದೀಪ ಆರಿ ಒಂದು ಉಳಿದಿತ್ತು, ಅದು ಮೆಂಥಾಲಿನದು.

ಆ ಡಿಸೆಂಬರಿನಲ್ಲಿ ಹೈದರಾಬಾದಿಗೆ ಒಂದು ಮದುವೆಗೆ ಹೋಗಿದ್ದೆವು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯವರಿಗೆ ಮದುವೆಯ ಬಟ್ಟೆ, ಬಳೆ, ಅತ್ತರು ಎಂದರೆ ಇವತ್ತಿಗೂ ಚಾರ್‌ಮಿನಾರಿನ ಸುತ್ತಲಿನ ಓಣಿಗಳೇ. ಒಂದು ಸಣ್ಣ ಅಂಗಡಿಯ ವೃದ್ಧ ಅತ್ತಾರರು ಎಂದಿನಂತೆ ನಮ್ಮ ಅಂಗೈಯ ಹಿಂಬದಿಗೆ ಕಡ್ಡಿ ತಾಕಿಸಿ, ನೋಡಿ ಎಂದರು. ನಮಗೆ ವಾಸನೆ ಬರುವುದಿಲ್ಲ ಚಾಚಾ, ತಂಪೊಂದು ಬಿಟ್ಟು ಬೇರೇನೂ ತಿಳಿಯುವುದಿಲ್ಲ ಎಂದೆವು. ಅಂಥವರು ಆ ವರ್ಷ ಅವರ ಅಂಗಡಿಗೆ ಬಹಳ ಮಂದಿ ಬಂದಿದ್ದರಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವ ವಾಸನೆ ಮರಳಿ ಬರಬೇಕು ಎಂದು ಕೇಳಿದರು. ಲೋಬಾನ ಎಂದೆವು. ಯಾಕೆ ಹಾಗೆ ಬಾಯಿಗೆ ಬಂತೋ. ಅಮ್ಮಿಯ ಗುರುವಾರದ ಊದ್‌ದಾನಿ ಇರಬೇಕು, ಕಫನಿಗೆ ಕೊಡದೆ ಹೋದ ಹೊಗೆ ಇರಬೇಕು.

ಅವರು ಮಾಡಿದ್ದು ಇಷ್ಟು. ಕೆಳಗೆ ಶ್ರೀಗಂಧ. ಅದರ ಮೇಲೆ ಕುಂದುರಿನ ಎಣ್ಣೆ, ಲೋಬಾನದ ಸಾರ, ಎಳೆಯಷ್ಟು ಖಸ್. ಎಲ್ಲದರ ಮೇಲೆ ಎರಡು ಪುದೀನ. “ತಿಳಿಯುವುದನ್ನು ಮುಂದೆ ನಿಲ್ಲಿಸಿದ್ದೇನೆ, ಅದರ ಕೈ ಹಿಡಿದುಕೊಂಡು ಹಿಂದಿರುವುದು ಬಂದರೂ ಬರಬಹುದು,” ಎಂದರು. ಔಷಧ ಎಂದು ಹೇಳಲಿಲ್ಲ, ಆಣೆ-ಭಾಷೆ ಕೊಡಲಿಲ್ಲ. ಶ್ರೀಗಂಧ ಮೈಸೂರಿನದಲ್ಲ ಎಂದು ಕೇಳದೆಯೇ ಹೇಳಿದರು. ಮೈಸೂರಿನ ಗಂಧದೆಣ್ಣೆ ಹಾಕಿದರೆ ಈ ಶೀಶೆ ನಿಮ್ಮ ಕೈಗೆ ಎಟುಕುವುದಿಲ್ಲ ಎಂದರು. ಅದು ಸತ್ಯ. 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆಯ ಕಾರ್ಖಾನೆ ತೆರೆದಾಗ ಇದ್ದ ಕಾಡು ಇಂದು ಇಲ್ಲ. ಆಸ್ಟ್ರೇಲಿಯಾದವರು ನಮ್ಮ ಗಂಧದ ಮರವನ್ನು ತೋಟದಲ್ಲಿ ಬೆಳೆಸಿ ಎಣ್ಣೆ ಮಾರುವ ಕಾಲ ಇದು. ಕನ್ನೌಜಿನ ಹಳೆಯ ಕ್ರಮದಲ್ಲಿ ತಾಮ್ರದ ದೇಗ್‌ನಲ್ಲಿ ಹೂ ಬೇಯಿಸಿ, ಬಿದಿರಿನ ಕೊಳವೆಯಿಂದ ಆವಿಯನ್ನು ಭಪ್ಕಾ ಎಂಬ ಕೊಡಕ್ಕೆ ಇಳಿಸುವಾಗ ಆ ಕೊಡದಲ್ಲಿ ಗಂಧದೆಣ್ಣೆ ಇರಬೇಕಿತ್ತು. ಈಗ ಅನೇಕ ಕಡೆ ಅದರ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂದು ಕೂತಿದೆ. ಜಾತ್ರೆ-ಉರುಸುಗಳಲ್ಲಿ ಅಗ್ಗಕ್ಕೆ ಸಿಗುವ ಶೀಶೆಗಳಲ್ಲಿ ಹೂವೂ ಇಲ್ಲ, ಮರವೂ ಇಲ್ಲ. ಅದನ್ನು ಕೊಳ್ಳುವ ಬಡವನನ್ನು ದೂರುವುದು ಬೇಡ. ಹಬ್ಬದ ದಿನ ಅವನ ಅಂಗಿಯೂ ಘಮಘಮಿಸಬೇಕಲ್ಲ.

ಹಾಗೆ ನಮಗೇ ತಿಳಿಯದ ಅತ್ತರನ್ನು ನಾವು ಹಚ್ಚಿಕೊಳ್ಳತೊಡಗಿದೆವು. ಇದು ವಿಚಿತ್ರ ಅನುಭವ. ಕನ್ನಡಿ ಇಲ್ಲದೆ ಪೇಟ ಸುತ್ತಿದ ಹಾಗೆ. ಮೂಗಿಗೆ ಒಂದು ತಣ್ಣನೆಯ ಗೆರೆ, ಆಮೇಲೆ ಏನೂ ಇಲ್ಲ. ಆದರೆ ಇತರರ ಮುಖ ನೋಡಿದರೆ ಏನೋ ಇದೆ ಎಂದು ತಿಳಿಯುತ್ತಿತ್ತು. ಮುತ್ಯಾ ಗುಡಿ ಎಂದದ್ದು, ಮಸೀದಿಯವರು ದರ್ಗಾ ಎಂದದ್ದು ಆಗಲೇ. ಅವರ ಮಾತಿನಿಂದಲೇ ನಮ್ಮ ಮೈಯ ವಾಸನೆ ನಮಗೆ ಗೊತ್ತಾದದ್ದು. ಮನೆಯವರು ಆಗಾಗ ಹತ್ತಿರ ಬಂದು ಮಣಿಕಟ್ಟು ಮೂಸಿ ವರದಿ ಕೊಡುತ್ತಿದ್ದರು: ಈಗ ಪುದೀನ ಹೋಯಿತು, ಈಗ ಹೊಗೆ ಬಂತು, ಈಗ ಬರೀ ಗಂಧ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರು ನಮ್ಮ ಕೈಯನ್ನು ಅಷ್ಟು ಸಲ ಹಿಡಿದದ್ದು ಇಲ್ಲವೇನೋ.

ಜುಮಾದ ದಿನ ಸ್ನಾನ ಮಾಡಿ ಸುಗಂಧ ಹಚ್ಚಿಕೊಳ್ಳುವುದು ಸುನ್ನತ್ ಎಂದು ನಾವು ಮಕ್ಕಳಾಗಿದ್ದಾಗಲೇ ಕಲಿತದ್ದು. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂಬುದನ್ನೂ ಕಲಿತೆವು. ಎರಡೂ ಒಂದೇ ಮಾತಿನ ಎರಡು ಮುಖ ಎಂದು ಅದುವರೆಗೆ ಹೊಳೆದಿರಲಿಲ್ಲ. ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಾಗ ಪಕ್ಕದವನಿಗೆ ಏನು ಸಿಗಬೇಕು ಎಂಬುದೇ ಅಲ್ಲಿನ ಲೆಕ್ಕ. ನಿಮ್ಮ ಮೂಗಿಗೆ ಏನು ಸಿಕ್ಕಿತು ಎಂದು ಯಾರೂ ಕೇಳಿಲ್ಲ. ತೋಟದಲ್ಲಿ ಇಡೀ ದಿನ ದುಡಿದು ಬಂದ ಒಬ್ಬ ಹುಡುಗ ಪ್ರತಿ ಶುಕ್ರವಾರ ನಮ್ಮ ಪಕ್ಕವೇ ಬಂದು ನಿಲ್ಲತೊಡಗಿದ್ದ. ಕೇಳಿದರೆ, “ನಿಮ್ಮ ಬಾಜೂಕ್ ನಿಂತ್ರ ತಂಪಾಗ್ತದ್ರೀ,” ಎಂದ.

2022ರ ಫೆಬ್ರುವರಿ, ಬಿಳಿಜೋಳದ ಕೊಯ್ಲಿನ ಹೊತ್ತು. ಅದಕ್ಕೂ ಮುಂಚೆ ಕೆಲವು ವಾಸನೆಗಳು ಬಂದಿದ್ದವು, ಆದರೆ ತಲೆಕೆಳಗಾಗಿ. ಹುರಿದ ಈರುಳ್ಳಿ ಕೊಳೆತಂತೆ, ಕಾಫಿ ಸುಟ್ಟ ರಬ್ಬರಿನಂತೆ. ಅದೂ ಚಿಗುರಿನ ಲಕ್ಷಣವೇ, ತಂತಿಗಳು ಕೂಡುವಾಗ ಅದಲುಬದಲಾಗುತ್ತವೆ ಎಂದು ವೈದ್ಯರು ಧೈರ್ಯ ಹೇಳಿದ್ದರು. ಆ ಶುಕ್ರವಾರ ನಮಾಜು ಮುಗಿಸಿ ಬಂದು ಪಡಸಾಲೆಯಲ್ಲಿ ಪತ್ರಿಕೆ ಓದುತ್ತ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದೆವು. ಏನೋ ಸಿಹಿ, ಏನೋ ಸುಟ್ಟದ್ದು. ಹೊಲದ ಕಡೆ ದಂಟು ಸುಡುತ್ತಿದ್ದಾರೆಯೇ ಎಂದು ನೋಡಿದರೆ ಇಲ್ಲ. ಇಲ್ಲದ ವಾಸನೆ ಬಂದಂತಾಗುವುದೂ ಈ ಕಾಯಿಲೆಯಲ್ಲಿ ಉಂಟು. ಆದ್ದರಿಂದ ಬಾಯಿ ಬಿಡದೆ ಮನೆಯವರನ್ನು ಕರೆದು ಕೈ ಚಾಚಿ, ಈಗ ಏನಿದೆ ಹೇಳಿ ಎಂದೆವು. ಅವರು ಮೂಸಿ, ಲೋಬಾನ ಎಂದರು.

ಅಮ್ಮಿಯ ಓಢಣಿಯನ್ನು ಆಗಲೇ ಹೊರಗೆ ತೆಗೆಯಲಿಲ್ಲ. ಒಂದು ತಿಂಗಳು ಬಿಟ್ಟು ತೆಗೆದೆವು. ಎಲೆಅಡಿಕೆ ಇತ್ತು, ಬೇವು ಇತ್ತು. ಹಿನಾ ಸಿಗಲಿಲ್ಲ. ಹಿನಾ ಇವತ್ತಿಗೂ ಸಿಕ್ಕಿಲ್ಲ, ಓಢಣಿಯಲ್ಲಿ ಮಾತ್ರವಲ್ಲ, ಹೊಸ ಶೀಶೆಯಲ್ಲೂ. ಮನುಷ್ಯನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆಯವಂತೆ. ಹಿನಾಕ್ಕೆ ಬೇಕಾದವು ಇನ್ನೂ ಮಲಗಿವೆಯೋ, ಹೋಗಿಯೇ ಬಿಟ್ಟವೋ. ಮಳೆಗಾಲದ ಮೊದಲ ಹನಿಗೆ ಏಳುವ ಮಣ್ಣಿನ ವಾಸನೆ ಅರ್ಧ ಬಂದಿದೆ. ತೊಗರಿ ಬೇಳೆಗೆ ಒಗ್ಗರಣೆ ಕೊಟ್ಟರೆ ಎರಡು ಮನೆ ಆಚೆಯಿಂದಲೇ ತಿಳಿಯುತ್ತದೆ, ಅದಕ್ಕೆ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೇವೆ.

ಶೀಶೆಯಲ್ಲಿ ಈಗ ತಳದಲ್ಲಿ ಒಂದು ಬೆರಳಿನಷ್ಟು ಉಳಿದಿದೆ. ಇಷ್ಟು ದಿನವಾದ ಮೇಲೆ ಪುದೀನ ಶೀಶೆಯಲ್ಲೇ ಬಡಕಲಾಗಿ, ಲೋಬಾನ ದಪ್ಪಗಾಗಿದೆ. ಚಳಿಗಾಲಕ್ಕೆ ಇದೇ ಸರಿ ಎಂದು ಮನೆಯವರ ಅಭಿಪ್ರಾಯ. ಬೇಸಿಗೆಗೆ ಹೊಸದು ಬೇಕು. ಹೋದ ತಿಂಗಳು ಹೈದರಾಬಾದಿಗೆ ಹೊರಟ ನೆಂಟರ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದ್ದೇವೆ. ಅಂಗಡಿಯಲ್ಲಿ ಈಗ ಆ ಚಾಚಾರ ಮಗ ಕೂರುತ್ತಾರಂತೆ. ಅಳತೆಯ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಬರೆದಿಟ್ಟದ್ದು ಇದೆಯಂತೆ, ಆದರೆ ಪ್ರತಿ ವರ್ಷದ ಎಣ್ಣೆ ಬೇರೆಯಾದ್ದರಿಂದ ಅದೇ ಬರುತ್ತದೆಂದು ಮಾತು ಕೊಡಲಾಗದು ಎಂದಿದ್ದಾರೆ. ಆಗಲಿ ಎಂದಿದ್ದೇವೆ. ಈ ಸಲ ಪುದೀನ ಕಡಿಮೆ ಹಾಕಿ ಎಂದೂ ಹೇಳಿ ಕಳಿಸಿದ್ದೇವೆ.